ಚಿಕ್ಕಪ್ಪನ ಟೋಕನ್ ಪಂಕ್ತಿ

ನಮ್ಮ ಚಿಕ್ಕಪ್ಪನಿಗೆ ಒಂದು ಸೂಜಿ ತರುವ ಕೆಲಸ ಒಪ್ಪಿಸಿ ನೋಡಿ, ಮದುವೆಯಷ್ಟು ಏರ್ಪಾಡು ಮಾಡದಿದ್ದರೆ ನನಗೆ ಬೇರೆ ಹೆಸರಿಡಿ! ಅಂಥವರ ಕೈಗೆ ವಿಶ್ವವಿದ್ಯಾಲಯದವರು ಡಿಜಿಟಲ್ ಟೋಕನ್ ಹಂಚುವ ಕೆಲಸ ಕೊಟ್ಟರೆ ಕೇಳಬೇಕೆ?

ಚಿಂತಾಮಣಿ ಹತ್ತಿರದ ಕ್ಯಾಂಪಸ್ಸಿನಲ್ಲಿ ಅವರು ಸೂಪರಿಂಟೆಂಡೆಂಟ್, ನಾನು ಗೆಸ್ಟ್ ಲೆಕ್ಚರರ್. ಟೋಕನ್ ಅಂದರೆ ಹೆಬ್ಬೆರಳಿನಷ್ಟು ಸಾಮಾನು. ಅದನ್ನು ಕಂಪ್ಯೂಟರಿಗೆ ಚುಚ್ಚಿ ಗುಟ್ಟಿನ ನಂಬರ್ ಒತ್ತಿದರೆ ಮಾತ್ರ ಪರೀಕ್ಷೆಯ ಅಂಕ ತುಂಬಲು ಸಾಧ್ಯ. ಪರೀಕ್ಷಾ ವಿಭಾಗದಲ್ಲಿ ಕ್ಲರ್ಕ್ ಆಗಿದ್ದ ಚಿಕ್ಕಮ್ಮ ಸುದ್ದಿ ಕೇಳಿದ ದಿನವೇ, "ಇದೆಲ್ಲ ನಂಗೆ ಬರಲ್ಲ ಕಣ್ರೀ. ಹುಡುಗ್ರ ಮುಂದೆ ಮರ್ಯಾದೆ ಕಳ್ಕೊಳ್ಳೋ ಬದ್ಲು ಕೆಲಸ ಬಿಟ್ಟು ಮನೇಲಿರ್ತೀನಿ" ಅಂದುಬಿಟ್ಟರು. ಚಿಕ್ಕಪ್ಪ ಅಂದು ಸರಿಯಾಗಿ ಊಟ ಮಾಡಲಿಲ್ಲ.

ಬೆಂಗಳೂರಿನಿಂದ ಬಂದ, ಟೋಕನ್ ಕಂಪನಿಯ ಟೈ ಕಟ್ಟಿದ ಯುವಕ, "ಸಹಾಯಕ್ಕೆ ಒಂದು ಫೋನ್ ನಂಬರ್ ಕೊಟ್ರೆ ಸಾಕು ಸರ್" ಎಂದ.

"ಏಮಪ್ಪಾ, ಫೋನಲ್ಲಿ ಬಡಿಸಿದ್ರೆ ಹೊಟ್ಟೆ ತುಂಬ್ತದಾ?" ಎಂದರು ಚಿಕ್ಕಪ್ಪ. ಊಟದ ಪಂಕ್ತಿಯ ಹಾಗೆ ಸಾಲಿಗೊಬ್ಬರು ಪಕ್ಕದಲ್ಲೇ ನಿಂತು ಹೇಳಿಕೊಡಬೇಕು. ಜೊತೆಗೆ ಮಜ್ಜಿಗೆ! ಮಜ್ಜಿಗೆ ಯಾಕೆಂದು ಕೇಳಿದರೆ, "ಬೆವರೋರಿಗೆ ಇನ್ನೇನ್ ಕೊಡ್ತೀಯ, ಮ್ಯಾನ್ಯುಯಲ್ಲಾ?"

ಸಹಾಯಕರ ಆಯ್ಕೆಯಲ್ಲಿ ಕಂಪ್ಯೂಟರ್ ಸುದ್ದಿಯೇ ಇಲ್ಲ. ಎದುರು ಕೂರಿಸಿಕೊಂಡು, "ಮುರುಗಮಲ್ಲದ ಬಸ್ಸು ಎಷ್ಟೊತ್ತಿಗಪ್ಪಾ?" ಎಂದು ಮತ್ತೆ ಮತ್ತೆ ಅದನ್ನೇ ಕೇಳುವುದು! "ಆಗ್ಲೇ ಹೇಳಿದ್ನಲ್ಲ ಸಾರ್" ಅಂದವನು ಫೇಲ್. ಎಂಜಿನಿಯರಿಂಗ್ ಓದಿದವರೆಲ್ಲ ಉದುರಿಹೋದರು. ನಾನೂ ಅಷ್ಟೇ ಬಿಡಿ! ಲೈಬ್ರರಿಯ ಹುಡುಗಿಯೊಬ್ಬಳು ಮಾತ್ರ ಪ್ರತಿ ಸಲವೂ ನಗುನಗುತ್ತಲೇ ಉತ್ತರ ಹೇಳಿ ಮೊದಲಿಗಳಾಗಿ ಪಾಸಾದಳು.

ಇನ್ನು ಚಿಕ್ಕಪ್ಪನದೇ ಟೋಕನ್! ಕಳೆದೀತೆಂದು ಅದನ್ನು ಬೀರುವಿನ ಕೀಲಿಯ ಜೊತೆ ಉಡಿದಾರಕ್ಕೆ ಕಟ್ಟಿಕೊಂಡರು. ದಾರ ಗಿಡ್ಡ, ಕಂಪ್ಯೂಟರ್ ಮೇಜಿನ ಮೇಲೆ. ಚುಚ್ಚಬೇಕಾದರೆ ಷರ್ಟು ಮೇಲೆತ್ತಿ, ತುದಿಗಾಲಲ್ಲಿ ನಿಂತು ಯಂತ್ರವನ್ನೇ ತಬ್ಬಿಕೊಳ್ಳಬೇಕು. ಅದೇ ಹೊತ್ತಿಗೆ ಕುಲಸಚಿವರು ಒಳಗೆ ಬರಬೇಕೇ!

"ಏನ್ರೀ ಇದು?"

"ಸೆಕ್ಯೂರಿಟಿ ಸಾರ್!"

ಹಂಚುವ ದಿನ ಬಂತು. ಚಿಕ್ಕಮ್ಮ ಸೆರಗು ಬಿಗಿಯಾಗಿ ಹಿಡಿದುಕೊಂಡು ಲೈಬ್ರರಿ ಹುಡುಗಿಯ ಸಾಲಿನಲ್ಲಿ ಕೂತರು. ನಂಬರ್ ತಪ್ಪಾಯಿತು. ಮತ್ತೆ ತಪ್ಪಾಯಿತು. "ಪರ್ವಾಗಿಲ್ಲಮ್ಮಾ, ನಿಧಾನಕ್ಕೆ ಒತ್ತಿ" ಎಂದಳು ಹುಡುಗಿ. ಇಷ್ಟೆಲ್ಲ ಏರ್ಪಾಡು ಮಾಡಿದ ಮನುಷ್ಯ ಎಲ್ಲಿ? ಹುಡುಕಿದರೆ, ಹೊರಗೆ ಕಿಟಕಿಯ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ.

"ಒಳಗೆ ಬನ್ನಿ ಚಿಕ್ಕಪ್ಪ."

"ಬ್ಯಾಡ ಕಣಪ್ಪ. ನನ್ನ ಮುಖ ನೋಡಿದ್ರೆ ಅವಳಿಗೆ ಇನ್ನೂ ಭಯ." ಕಿಟಕಿಯೊಳಗೆ ಇಣುಕಿ, "ಇಷ್ಟು ವರ್ಷ ಇಬ್ರೂ ಜೊತೇಲೇ ಆಫೀಸಿಗೆ ಬಂದಿದೀವಿ. ಒಬ್ನೇ ಬರಕ್ಕೆ ಬೇಜಾರು ಕಣೋ" ಎಂದರು.

ಒಳಗೆ ಚಪ್ಪಾಳೆ ಕೇಳಿಸಿತು. ಚಿಕ್ಕಮ್ಮ ಮುಖವರಳಿಸಿಕೊಂಡು ಹೊರಗೆ ಬಂದವರೇ, "ರೀ, ನಾಳೆ ಸ್ಕೂಟರ್ ಬೇಗ ತೆಗೀರಿ. ಅಂಕ ತುಂಬೋ ಕೆಲಸ ರಾಶಿ ಬಿದ್ದಿದೆ" ಎಂದರು.

ಚಿಕ್ಕಪ್ಪ ಮರದ ಕೆಳಗೆ ನಿಂತಿದ್ದ ಸ್ಕೂಟರಿನ ಹತ್ತಿರ ಹೋಗಿ, ಕರ್ಚೀಫು ತೆಗೆದು, ಹಿಂದಿನ ಸೀಟನ್ನು ಒರೆಸತೊಡಗಿದರು.