ಹಡಲ್‌ಥ್ವೇಟಿನ ಹಡಲ್‌ಥ್ವೇಟ್

ಊರಿನ ಹೆಸರನ್ನು ತನ್ನ ಹೆಸರಿನ ಬಾಲಕ್ಕೆ ಕಟ್ಟಿಕೊಂಡು ಹುಟ್ಟಿದ್ದೇ ವಿಲ್ಫ್ರೆಡ್ ಹಡಲ್‌ಥ್ವೇಟನ ಗ್ರಹಚಾರ.

ಹಲ್ ಪಟ್ಟಣದಲ್ಲಿ ಬಸ್ಸು ಓಡಿಸಿಕೊಂಡಿದ್ದಾಗ ಒಮ್ಮೆ ಹೆಂಡತಿ ಹಿಲ್ಡಾಳ ಜೊತೆ ಯಾರ್ಕ್‌ಶೈರಿನ ಕಣಿವೆ ಸುತ್ತಲು ಬಂದವನು, ರಸ್ತೆ ಬದಿಯ ಫಲಕದಲ್ಲಿ ‘ಹಡಲ್‌ಥ್ವೇಟ್’ ಎಂದು ಓದಿ ಗಕ್ಕನೆ ಬ್ರೇಕು ಹಾಕಿದ್ದ.

“ನೋಡೇ, ಇಡೀ ಊರೇ ನಮ್ಮದು!”

“ಹಾಗಾದ್ರೆ ಇಳಿದು ಗುಡಿಸು,” ಎಂದು ಹಿಲ್ಡಾ ನಕ್ಕಿದ್ದಳು.

ಅವಳು ತೀರಿಹೋದ ಮೇಲೆ, ನಗುವವರಿಲ್ಲದ ಮನೆಯಲ್ಲಿ ಇರಲಾರದೆ, ಪೆಟ್ಟಿಗೆ ಕಟ್ಟಿಕೊಂಡು ಇಲ್ಲಿಗೇ ಬಂದ. ಊರು ತನ್ನನ್ನು ಮರಳಿ ಬಂದ ಮಗನಂತೆ ಅಪ್ಪಿಕೊಳ್ಳುತ್ತದೆ ಎಂದುಕೊಂಡಿದ್ದ. ಊರು ಅವನನ್ನು ವಿಳಾಸ ತಪ್ಪಿ ಬಂದ ಟಪಾಲಿನಂತೆ ನೋಡಿತು. ವರ್ಷಗಳು ಕಳೆದರೂ ಪಬ್ಬಿನಲ್ಲಿ ಅವನು ಹೊರಗಿನವನೇ.

ಅದಕ್ಕೇ ಅವನು ಕುಂಬಳಕಾಯಿ ಬೆಳೆದ. ಸೆಪ್ಟೆಂಬರಿನ ತರಕಾರಿ ಪ್ರದರ್ಶನದಲ್ಲಿ ಗೆದ್ದವರ ಹೆಸರನ್ನು ಊರ ಸಭಾಭವನದ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಬರೆಯುತ್ತಾರೆ. ಅಲ್ಲೊಮ್ಮೆ ಹೆಸರು ಬಿತ್ತೆಂದರೆ ಆಮೇಲೆ ಯಾರಪ್ಪನೂ ಹೊರಗಿನವನು ಅನ್ನುವಂತಿಲ್ಲ. ಬೇಸಿಗೆಯಿಡೀ ಆ ಬಳ್ಳಿಗೆ ಬಿಯರ್ ಕುಡಿಸಿದ, ಕಾಯಿಗೆ ಹಿಲ್ಡಾಳ ಶಾಲು ಹೊದಿಸಿದ. ಆ ಶನಿವಾರ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೊರಟಾಗ ಅದು ಹಬ್ಬದೂಟ ಮುಗಿಸಿ ಒರಗಿದ ನ್ಯಾಯಾಧೀಶರಂತೆ ಕಾಣುತ್ತಿತ್ತು.

ಡೇರೆಯ ಬಾಗಿಲಲ್ಲಿ ಪ್ರದರ್ಶನದ ಕಾರ್ಯದರ್ಶಿ ಎನಿಡ್ ಸಂಟರ್ ಅಡ್ಡ ನಿಂತಳು.

“ಇದು ಈ ಊರಿನ ಹಳೇ ಮನೆತನದವರಿಗೆ ಮಾತ್ರ, ಮಿಸ್ಟರ್ ಹಡಲ್‌ಥ್ವೇಟ್.”

“ಏನಮ್ಮಾ, ಈಗ ತಾನೆ ನನ್ನ ಹೆಸರು ನೀವೇ ಹೇಳಿದ್ರಲ್ಲ!”

“ಹೆಸರಿದ್ರೇನಂತೆ? ನಮ್ಮ ನಾಯಿ ಹೆಸರು ಡ್ಯೂಕ್. ಅರಮನೇಲಿ ಎಲೆ ಹಾಕ್ತಾರಾ ಅದಕ್ಕೆ?”

ಜಗಳದ ವಾಸನೆಗೆ ಜನ ಸೇರಿದರು. ಚಹಾದ ಬಟ್ಟಲು ಹಿಡಿದ ಪಾದ್ರಿಯೂ ಬಂದರು. ಯಾರೂ ಕೇಳದಿದ್ದರೂ ವಿವರಿಸುವುದು ಅವರ ಅಭ್ಯಾಸ.

“ನೋಡಿ ವಿಲ್ಫ್ರೆಡ್, ಊರೊಳಗೇ ಇದ್ದೋರಿಗೆ ಯಾರೂ ಊರ ಹೆಸರು ಇಡ್ತಿರಲಿಲ್ಲ. ಎಲ್ಲರೂ ಹಡಲ್‌ಥ್ವೇಟಿನೋರೇ ಆದಾಗ ಆ ಹೆಸರು ಹಿಡಿದು ಕೂಗಿದ್ರೆ ಯಾರು ಓಗೊಡಬೇಕು? ಊರು ಬಿಟ್ಟು ಇನ್ನೆಲ್ಲೋ ನೆಲೆ ನಿಂತವನನ್ನ ಅಲ್ಲಿನೋರು ‘ಹಡಲ್‌ಥ್ವೇಟಿನವನು’ ಅಂತಿದ್ರು. ಅದೇ ಮನೆತನದ ಹೆಸರಾಗ್ತಿತ್ತು. ನಿಮ್ಮ ಹೆಸರು ನೀವು ಇಲ್ಲಿನೋರು ಅನ್ನೋದಕ್ಕಲ್ಲ, ಇಲ್ಲಿಂದ ಕಾಲು ಕಿತ್ತೋರು ಅನ್ನೋದಕ್ಕೆ ಸಾಕ್ಷಿ.”

“ಕಾಲು ಕೀಳಬೇಕಾದ್ರೆ ಮೊದಲು ಊರಿರಬೇಕಲ್ಲ, ಪಾದ್ರಿಗಳೇ!”

“ಊರಿದ್ದೋನು ಯಾಕೆ ಕಿತ್ತ, ಅದು ಹೇಳ್ಲಿ,” ಎಂದಿತು ಹಿಂದಿನಿಂದ ಒಂದು ದನಿ.

ಕುರಿ ಸಾಕುವ ಜೇಬೆಜ್ ಆಲ್ಡರ್ಸನ್ ಪೈಪು ಬಾಯಿಂದ ತೆಗೆದ. ವರ್ಷಕ್ಕೊಮ್ಮೆ ಮಾತಾಡುವ ಮನುಷ್ಯ. “ನಮ್ಮನೇಲಿ ತಲೆತಲಾಂತರದಿಂದ ಒಂದು ಮಾತಿದೆ. ಬಲು ಹಿಂದೆ ಒಬ್ಬ ನಮ್ಮ ಟಗರು ಹೊಡ್ಕೊಂಡು ಊರು ಬಿಟ್ಟನಂತೆ. ಯಾರು ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.”

ಇಡೀ ಡೇರೆ ವಿಲ್ಫ್ರೆಡ್‌ನ ಕಡೆ ತಿರುಗಿತು.

“ಮೂಗು ನೋಡಿ, ಮೂಗು! ಟಗರು ಕದಿಯೋ ಮೂಗೇ,” ಎಂದಳು ಎನಿಡ್.

“ರೀ, ನಮ್ಮ ವಂಶದಲ್ಲಿ ಯಾರೂ ಒಂದು ಕೋಳಿಮೊಟ್ಟೇನೂ…” ಎಂದು ಶುರುಮಾಡಿದ ವಿಲ್ಫ್ರೆಡ್ ಅರ್ಧಕ್ಕೇ ನಿಂತ. ತಲೆಯೊಳಗೆ ದೀಪ ಹತ್ತಿತು. ಈ ಊರಿನ ಟಗರನ್ನು ಕದ್ದು ಈ ಊರನ್ನು ಬಿಟ್ಟವನು ಈ ಊರಿನವನೇ ಆಗಿರಬೇಕಲ್ಲ!

ಟೊಪ್ಪಿ ತೆಗೆದು ಎದೆಗಿಟ್ಟುಕೊಂಡ. “ಹೌದು. ಕದ್ದದ್ದು ನಮ್ಮವನೇ. ಕಪ್ಪು ಮುಖ, ತಿರುಚಿದ ಕೊಂಬು.”

“ಅದೇ! ಅದೇ ಕೊಂಬು!” ಜೇಬೆಜ್ ಕೂಗಿದ. ಎರಡು ಹೆಜ್ಜೆಗೆ ಬಂದು ವಿಲ್ಫ್ರೆಡ್‌ನ ಬೆನ್ನಿಗೆ ಗುದ್ದಿದ. “ಕಳ್ಳ ನನ್ಮಗನೇ, ಇಷ್ಟು ದಿನ ಎಲ್ಲಿದ್ಯೋ!”

ಆ ಊರಲ್ಲಿ ವಿಲ್ಫ್ರೆಡ್‌ನನ್ನು ಯಾರಾದರೂ ಪ್ರೀತಿಯಿಂದ ಬೈದದ್ದು ಅದೇ ಮೊದಲು. ಅವನ ಕಣ್ಣು ತುಂಬಿತು. ಜನ ಸಾಲುಗಟ್ಟಿ ಕೈ ಕುಲುಕಿದರು. ಎನಿಡ್ ಕೂಡ “ಮೂಗು ಅಷ್ಟೇನೂ ಕೆಟ್ಟದಾಗಿಲ್ಲ ಬಿಡಿ,” ಎಂದು ದಾರಿ ಬಿಟ್ಟಳು.

ಮಧ್ಯಾಹ್ನ ದೂರದೂರಿನಿಂದ ಬಂದ ತೀರ್ಪುಗಾರ್ತಿ ಮಿಸ್ ಟ್ರಾಟರ್ ಕಾಯಿಗಳನ್ನೆಲ್ಲ ತಟ್ಟಿ, ಮೂಸಿ, ವಿಲ್ಫ್ರೆಡ್‌ನ ಕಾಯಿಯ ಮೇಲೆ ಕೆಂಪು ಚೀಟಿ ಇಟ್ಟಳು. ಮೊದಲ ಬಹುಮಾನ! ಜೇಬೆಜನದು ಎರಡನೆಯದು. ಅವಳು ಕೇಕುಗಳ ಡೇರೆಗೆ ಹೋದದ್ದೇ ತಡ, ಜೇಬೆಜ್ ಹತ್ತಿರ ಸರಿದ.

“ಹಲಗೆ ಮೇಲೆ ಹೆಸರು ಬರುತ್ತೆ ನಿಂದು. ಸಂತೋಷ. ನಮ್ಮ ಟಗರಿಗೇನು ಗತಿ?”

“ಏನು ಬೇಕೋ ಕೇಳು!”

“ಈ ಕಾಯಿ ಕೊಡು. ಊರಿಗೆಲ್ಲ ಸೂಪು ಮಾಡ್ಸೋಣ, ಹಳೇ ದ್ವೇಷ ಕುಡಿದು ಮುಗಿಸೋಣ.”

“ಕೊಯ್ಸು!” ಎಂದ ವಿಲ್ಫ್ರೆಡ್, ಊರ ಗೌಡನ ಗತ್ತಿನಲ್ಲಿ. ಶಾಲು ಮಾತ್ರ ಮಡಿಸಿ ಕಂಕುಳಲ್ಲಿಟ್ಟುಕೊಂಡ. ಕತ್ತಿ ಬಂತು, ಹಂಡೆ ಬಂತು.

ಸಂಜೆ ಬಹುಮಾನ ಹಂಚುವ ಹೊತ್ತಿಗೆ ಊರೆಲ್ಲ ಸೂಪು ಹೀರುತ್ತಿತ್ತು. ಮಿಸ್ ಟ್ರಾಟರ್ ಮೊದಲ ಬಹುಮಾನದ ಕಪ್ಪನ್ನು ಎತ್ತಿ ಹಿಡಿದು, ಗೆದ್ದವನ ಹೆಸರು ಓದಿ, ಹುಬ್ಬೇರಿಸಿದಳು.

“ಹಡಲ್‌ಥ್ವೇಟ್? ಯಾವ ಕಡೆಯೋರು ನೀವು?”

“ಇದೇ ಊರು. ಟಗರು ಕದ್ದ ಮನೆತನ,” ಎಂದ ವಿಲ್ಫ್ರೆಡ್ ಎದೆಯುಬ್ಬಿಸಿ. “ನಡುವೆ ಸ್ವಲ್ಪ ಕಾಲ ಹಲ್‌ನಲ್ಲಿದ್ವಿ. ಅಲ್ಲಿಗೆ ಮೊದಲು ಹೋದದ್ದು ನಮ್ಮ ಮುತ್ತಜ್ಜ ಜೋಸಯ್ಯ, ಹಗ್ಗ ಹೊಸೀತಿದ್ದ.”

“ಒಂದು ಕಿವಿ ಇಲ್ಲದ ಜೋಸಯ್ಯನೇ?”

“ಹೌದು! ನಿಮಗೆ ಹೇಗೆ ಗೊತ್ತು?”

“ಅಯ್ಯೋ, ಅವನು ನಮ್ಮೂರವನು! ಲಿಂಕನ್‌ಶೈರಿನಲ್ಲಿ ನಮ್ಮದೂ ಒಂದು ಹಡಲ್‌ಥ್ವೇಟ್ ಇದೆ. ಅವನ ಅಪ್ಪ, ತಾತ, ಎಲ್ಲರ ಗೋರಿಯೂ ನಮ್ಮ ಚರ್ಚಿನ ಹಿಂದಿದೆ. ಕಳೆ ಕೀಳೋದೇ ನಾನು. ನಿಮ್ಮೋರು ಈ ಕಣಿವೆ ಕಡೆ ತಲೆ ಹಾಕಿ ಮಲಗಿದ್ದೂ ಇಲ್ಲ.”

ಸೂಪು ಹೀರುವ ಸದ್ದು ನಿಂತಿತು.

“ಅಂದ್ರೆ ನಮ್ಮ ಟಗರು?” ಎಂದ ಜೇಬೆಜ್.

ವಿಲ್ಫ್ರೆಡ್ ತನ್ನ ಬೂಟು ನೋಡಿಕೊಂಡ. ಎನಿಡ್ ಮಿಸ್ ಟ್ರಾಟರಳ ಕೈಯಿಂದ ಕಪ್ಪನ್ನು ಮೆಲ್ಲನೆ ಬಿಡಿಸಿ ಜೇಬೆಜನ ಕೈಗಿಟ್ಟಳು.

“ಛೇ, ಬೇಜಾರು ಮಾಡ್ಕೋಬೇಡಿ,” ಎಂದಳು ಮಿಸ್ ಟ್ರಾಟರ್. “ಬರೋ ಶನಿವಾರ ನಮ್ಮೂರಲ್ಲೂ ಪ್ರದರ್ಶನ ಇದೆ. ಬಿಟ್ಟು ಹೋದೋರು, ಇದ್ದೋರು ಅನ್ನೋ ತಕರಾರೆಲ್ಲ ನಮ್ಮಲ್ಲಿಲ್ಲ. ಊರ ಹೆಸರು ಹೊತ್ತೋರು ಅಂದ್ರೆ ಮೊದಲ ಸಾಲಲ್ಲೇ ಕುರ್ಚಿ. ಕಪ್ಪೂ ಇದಕ್ಕಿಂತ ದೊಡ್ಡದು. ಆ ಕುಂಬಳಕಾಯಿ ತಗೊಂಡು ಬಂದ್ಬಿಡಿ, ಸಾಕು.”

ವಿಲ್ಫ್ರೆಡ್ ಹಂಡೆಯ ಕಡೆ ತಿರುಗಿದ. ಜೇಬೆಜ್ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಸೌಟಿನಿಂದ ತಳ ಕೆರೆಯುತ್ತಿದ್ದ.

“ನಿಮಗೆ ಇನ್ನೊಂದು ಸೌಟು ಹಾಕ್ಲಾ, ಸಾರ್?” ಎಂದ, ಅತಿಥಿಯೊಡನೆ ಮಾತಾಡುವ ಮರ್ಯಾದೆಯಲ್ಲಿ. “ಬೇಗ ಹೇಳಿ, ಮುಗೀತಾ ಬಂತು.”