ಗೊಂಬೆ ಸಾಲಿನಲ್ಲಿ ಎಂಜಿನ್ನಿನ ಹಿತ್ತಾಳೆ

ವಸ್ತು ಕಳೆದಾಗ ಕೆಲವರು ವಸ್ತುವನ್ನು ಹುಡುಕುತ್ತಾರೆ, ಇನ್ನು ಕೆಲವರು ಕಳ್ಳನನ್ನು ಹುಡುಕುತ್ತಾರೆ. ನಾನು ಎರಡನೆಯ ಪಂಗಡದವನು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡೇ ಮನೆಗೆಲಸದ ರತ್ನಮ್ಮನನ್ನು ಅರ್ಧ ಗಂಟೆ ವಿಚಾರಣೆ ಮಾಡಿದವನು. ಕೊನೆಗೆ ಆಕೆಯೇ ನನ್ನ ಹಣೆಯತ್ತ ಕೈ ತೋರಿಸಿ ಪಾತ್ರೆ ತೊಳೆಯಲು ಹೋಗಿದ್ದಳು. ಈ ಗುಣ ಇಷ್ಟು ವರ್ಷ ಮನೆಯೊಳಗೇ ಇತ್ತು. ಕಳೆದ ದಸರೆಯಲ್ಲಿ ಅದು ರೈಲ್ವೆ ಶೆಡ್ಡಿನವರೆಗೂ ಹೋಗಿ, ಮಾನ ಕಳೆದುಕೊಂಡು ವಾಪಸ್ಸು ಬಂತು.

ನಾನು ಉಗಿ ಎಂಜಿನ್ನುಗಳ ಕೊನೆಗಾಲದಲ್ಲಿ ರೈಲ್ವೆ ಸೇರಿ, ಡೀಸೆಲ್ಲಿನ ಹೊಗೆ ಕುಡಿದು ನಿವೃತ್ತನಾದವನು. ಆಮೇಲೆ ತ್ಯಾಗರಾಜನಗರದ ಮನೆಯಲ್ಲಿ ಸೊಪ್ಪು ತರುವುದು, ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲಿಸುವುದು ಎಂಬ ಎರಡು ಜವಾಬ್ದಾರಿಗಳನ್ನು ಹೊತ್ತು ಇದ್ದೆ. ಅಷ್ಟರಲ್ಲಿ ಒಂದು ಕರೆ ಬಂತು. ಯಾವುದೋ ಸ್ಟೇಷನ್ನಿನ ಮುಂದೆ ಕಟ್ಟೆಯ ಮೇಲೆ ಬಹಳ ವರ್ಷ ನಿಂತಿದ್ದ ಹಳೆಯ ಉಗಿ ಎಂಜಿನ್ನನ್ನು ಇಳಿಸಿ ತಂದಿದ್ದಾರಂತೆ, ಅದನ್ನು ರಿಪೇರಿ ಮಾಡಿ ಮತ್ತೆ ಮುಖ್ಯ ಮಾರ್ಗದಲ್ಲಿ ಓಡಿಸಬೇಕಂತೆ. ‘ಬಾಯ್ಲರ್ ಕೆಲಸ ಕೈಯಾರೆ ಮಾಡಿರೋರು ಈಗ ಯಾರೂ ಸಿಗ್ತಿಲ್ಲ ಸಾರ್, ಸ್ವಲ್ಪ ಬಂದು ಹೇಳ್ಕೊಡಿ’ ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ಹೆಂಡತಿ ವನಮಾಲ ಮಾತ್ರ, ‘ಮನೇಲಿ ಕುಕ್ಕರ್ ಗ್ಯಾಸ್ಕೆಟ್ ಹಾಕಿಸ್ಕೊಂಡು ಬನ್ನಿ ಅಂತ ಯುಗಾದಿಯಿಂದ ಹೇಳ್ತಿದೀನಿ, ಇವ್ರು ಅಲ್ಲಿ ಬಾಯ್ಲರ್ ಸರಿ ಮಾಡ್ತಾರಂತೆ’ ಎಂದು ಒಳಗೆ ಹೋದಳು.

ಕೆಲಸ ತಿಂಗಳುಗಟ್ಟಲೆ ನಡೆಯಿತು. ಚಿಮಣಿಯಿಂದ ಪಾರಿವಾಳದ ಗೂಡು ತೆಗೆಯುವುದರಿಂದ ಶುರುವಾಗಿ, ಬಾಯ್ಲರಿನ ಕೊಳವೆಗಳನ್ನೆಲ್ಲ ಬದಲಿಸಿ, ಚಕ್ರಗಳನ್ನು ಕಡೆಸಿ ಕೂರಿಸುವವರೆಗೆ ಬಂತು. ಉಳಿದದ್ದು ಬಾಯ್ಲರ್ ಇನ್ಸ್‌ಪೆಕ್ಟರ ಎದುರು ಬೆಂಕಿ ಹಾಕಿ ತೋರಿಸುವ ಪರೀಕ್ಷೆ. ಅವರು ದಿನ ಕೊಟ್ಟದ್ದು ನವರಾತ್ರಿಯ ಸಪ್ತಮಿ. ಆ ದಿನ ತಪ್ಪಿದರೆ ಎಂಜಿನ್ನನ್ನು ಮತ್ತೆ ಕಟ್ಟೆ ಹತ್ತಿಸುತ್ತೇವೆ ಎಂದು ಮೇಲಿನವರು ಖಂಡಿತವಾಗಿ ಹೇಳಿದ್ದರು. ಅದನ್ನು ಕೇಳಿದಾಗ ನನಗೆ, ನನ್ನನ್ನೇ ಮತ್ತೆ ಮೋಟಾರು ಸ್ವಿಚ್ಚಿನ ಪಕ್ಕ ನಿಲ್ಲಿಸುತ್ತಾರೇನೋ ಎನಿಸಿ ಸಂಕಟವಾಗಿತ್ತು.

ಈಗ ತಪ್ಪೊಪ್ಪಿಗೆ. ಎಂಜಿನ್ನಿನ ಬಾಯ್ಲರಿಗೆ ನೀರು ನುಗ್ಗಿಸಲು ಇಂಜೆಕ್ಟರ್ ಎಂಬುದೊಂದು ಇರುತ್ತದೆ. ಅದರ ಹೊಟ್ಟೆಯೊಳಗೆ ಗೋಪುರದ ಆಕಾರದ, ಅಂಗೈಯುದ್ದದ ಹಿತ್ತಾಳೆ ಕೋನ್ ಇದೆ. ಅದಿಲ್ಲದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಬೆಂಕಿ ಹಾಕುವ ಮಾತೇ ಇಲ್ಲ. ಅದಕ್ಕೆ ಕಟ್ಟಿದ್ದ ಕಿಲುಬನ್ನು ಶೆಡ್ಡಿನವರು ಆಸಿಡ್ಡಿನಲ್ಲಿ ತೆಗೆಯುತ್ತೇವೆ ಎಂದರು. ನನಗೆ ಸಹಿಸಲಾಗಲಿಲ್ಲ. ಹಿತ್ತಾಳೆಗೆ ಹುಣಸೆಹಣ್ಣನ್ನು ಬಿಟ್ಟರೆ ಔಷಧಿಯಿಲ್ಲ ಎಂದು ನಂಬಿ ಬೆಳೆದವನು ನಾನು. ನವರಾತ್ರಿಯ ಹಿಂದಿನ ಸಂಜೆ ಯಾರಿಗೂ ಹೇಳದೆ ಅದನ್ನು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ನೆನೆಹಾಕಿ ಉಜ್ಜಿದೆ. ಥಳಥಳ ಹೊಳೆಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟೆ ಹಾಸಿ ಒಣಗಲು ಇಟ್ಟು, ಬೆಳಗ್ಗೆ ಚೀಲದಲ್ಲಿ ಹಾಕಿಕೊಂಡು ಶೆಡ್ಡಿಗೆ ಒಯ್ದೆ. ಒಯ್ದೆ ಎಂದು ದೇವರ ಮೇಲೆ ಆಣೆ ಮಾಡಲು ಸಿದ್ಧನಿದ್ದೆ. ಮಧ್ಯಾಹ್ನ ಚೀಲ ತೆಗೆದರೆ ಡಬ್ಬಿ ಇದೆ, ಕೋನ್ ಇಲ್ಲ.

ಚೀಲ ಇಟ್ಟಿದ್ದ ಮೂಲೆಯಲ್ಲಿ ಕೆಲಸ ಮಾಡುತ್ತಿದ್ದವನು ಫಿಟ್ಟರ್ ಮುನಿರಾಜು. ಗೊಟ್ಟಿಗೆರೆಯವನು, ಐವತ್ತು ದಾಟಿದವನು, ಮಾತು ಕಡಿಮೆ. ನಾನು ಅವನನ್ನು ಕಳ್ಳ ಎನ್ನಲಿಲ್ಲ. ‘ಮುನಿರಾಜು, ನಿನ್ನ ಟೂಲ್ ಬಾಕ್ಸ್ ಒಂದ್ಸಲ ತೆಗೀತೀಯಾ?’ ಎಂದೆ, ಅದೂ ಎಲ್ಲರ ಮುಂದೆ. ಅವನು ತೆಗೆದ. ಸ್ಪ್ಯಾನರುಗಳನ್ನು ಒಂದೊಂದಾಗಿ ನೆಲದ ಮೇಲಿಟ್ಟು ತೋರಿಸಿ, ಮತ್ತೆ ಒಂದೊಂದಾಗಿ ಒಳಗಿಟ್ಟ. ಅಷ್ಟಕ್ಕೂ ಸುಮ್ಮನಾಗದೆ ನಾನು, ಇನ್ನು ಮುಂದೆ ಪ್ರತಿಯೊಬ್ಬರ ಚೀಲವನ್ನೂ ಗೇಟಿನಲ್ಲಿ ನೋಡತಕ್ಕದ್ದು ಎಂದು ಸ್ವಂತ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಹೊಸ ಕೋನ್ ಕಡೆಸಲು ವಿಚಾರಿಸಿದರೆ, ಅಳತೆ ಕೂದಲೆಳೆಯಷ್ಟೂ ತಪ್ಪುವಂತಿಲ್ಲ, ದೀಪಾವಳಿ ಆಗಲಿ ಸಾರ್ ಎಂದರು. ಮನೆಯಲ್ಲಿ ಕಾರಣ ಹೇಳದೆ ಊಟ ಬಿಟ್ಟೆ. ಅಂದರೆ ಎರಡನೆಯ ಸಲ ಬಡಿಸಿಕೊಳ್ಳುವುದನ್ನು ಬಿಟ್ಟೆ.

ಷಷ್ಠಿಯ ಸಂಜೆ ಮುನಿರಾಜು ಮನೆಗೇ ಬಂದ. ‘ಸಾರ್, ನಾಳೆಯಿಂದ ನಾನು ಬರಲ್ಲ. ಮೂವತ್ತು ವರ್ಷ ಆಯ್ತು, ಒಂದು ಬೋಲ್ಟ್ ಮನೆಗೆ ತಗೊಂಡೋಗಿಲ್ಲ. ಹೇಳಿಬಿಟ್ಟು ಹೋಗೋಣ ಅಂತ ಬಂದೆ’ ಎಂದ. ಅವನ ದನಿಯಲ್ಲಿ ಸಿಟ್ಟಿದ್ದರೆ ಎದುರುತ್ತರ ಕೊಡುತ್ತಿದ್ದೆ. ಇರಲಿಲ್ಲವಾದ್ದರಿಂದ ಬಾಗಿಲ ಬಳಿಯ ಕುರ್ಚಿಯನ್ನು ಅವನತ್ತ ಸರಿಸಿದೆ. ಅಷ್ಟರಲ್ಲಿ ವನಮಾಲ ಹೊರಬಂದು, ‘ಗೊಂಬೆ ಕೂರಿಸಿರೋ ಮನೆಗೆ ಬಂದು ಹಾಗೇ ಹೋಗಬಾರ್ದಪ್ಪ. ಬಾ, ಗೊಂಬೆ ನೋಡಿ ಉಸ್ಲಿ ತಿಂದು ಹೋಗು’ ಎಂದು ಅವನನ್ನು ಹಾಲಿಗೆ ಕರೆದು ಕೂರಿಸಿದಳು.

ಆ ಗೊಂಬೆಗಳ ಮುಂದೆ ನಾನು ಆರು ದಿನದಿಂದ ಓಡಾಡುತ್ತಿದ್ದೆ. ಪ್ರತಿ ವರ್ಷವೂ ಅಷ್ಟೆ, ನನ್ನ ಲಕ್ಷ್ಯವೆಲ್ಲ ಉಸ್ಲಿಯ ತಟ್ಟೆಯ ಮೇಲೆ. ಮುನಿರಾಜು ಹಾಗಲ್ಲ, ಪಟ್ಟದ ಗೊಂಬೆಯಿಂದ ಹಿಡಿದು ದಿನಸಿ ಅಂಗಡಿ ಶೆಟ್ಟರವರೆಗೆ ಮೆಟ್ಟಿಲು ಮೆಟ್ಟಿಲಾಗಿ ನೋಡಿದ. ಮೂರನೆಯ ಮೆಟ್ಟಿಲಿನಲ್ಲಿ ಅವನ ಕಣ್ಣು ನಿಂತಿತು. ಕಡಲೆಕಾಳನ್ನು ನಿಧಾನವಾಗಿ ಅಗಿದು ನುಂಗಿ ಹೇಳಿದ: ‘ಸಾರ್, ನಿಮ್ಮ ಮನೆ ದೇವಸ್ಥಾನದ ಗೋಪುರ ಚೆನ್ನಾಗಿದೆ.’

ನೋಡಿದೆ. ಮರದ ಪುಟ್ಟ ದೇವಸ್ಥಾನದ ನೆತ್ತಿಯ ಮೇಲೆ, ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ನಮ್ಮ ಕೋನ್ ವಿರಾಜಮಾನವಾಗಿತ್ತು.

‘ಗೋಪುರ ಮುರಿದಿದೆ, ಏನಾದ್ರೂ ತಂದುಕೊಡಿ ಅಂತ ತಿಂಗಳಿಂದ ಹೇಳ್ತಿದ್ದೆ. ನೀವೇ ತೊಳೆದು ಬಟ್ಟೆ ಮೇಲೆ ಇಟ್ಟಿದ್ರಿ. ಪರವಾಗಿಲ್ಲ, ಒಂದ್ಸಲನಾದ್ರೂ ನನ್ನ ಮಾತು ಕೇಳಿದ್ರಲ್ಲ ಅಂತ ಖುಷಿಪಟ್ಟೆ’ ಎಂದಳು ವನಮಾಲ. ನನಗೆ ಅಳು ಬಂತೋ ನಗು ಬಂತೋ ಈಗಲೂ ಹೇಳಲಾರೆ. ಕೈ ಚಾಚಿದೆ. ‘ಮುಟ್ಟಬೇಡಿ. ಕೂರಿಸಿದ ಗೊಂಬೆ ವಿಜಯದಶಮಿವರೆಗೆ ಕದಲಿಸೋ ಹಾಗಿಲ್ಲ’ ಎಂದಳು. ಬೆಳಗಾದರೆ ಇನ್ಸ್‌ಪೆಕ್ಟರು ಬರುತ್ತಾರೆ, ಎಂಜಿನ್ನು ಕಟ್ಟೆ ಹತ್ತುತ್ತದೆ ಎಂದು ಬೇಡಿಕೊಂಡೆ. ಅವಳು ಅಲುಗಲಿಲ್ಲ.

ಮುನಿರಾಜುವೇ ಬಾಯಿ ಬಿಟ್ಟ. ‘ಅಮ್ಮಾ, ಗುಡಿಯಲ್ಲಿ ಕೂತಿರೋ ದೇವರೂ ಉತ್ಸವಕ್ಕೆ ಆಚೆ ಬರ್ತಾರಲ್ವಾ? ಇದೂ ಹಾಗೇ ಉತ್ಸವಕ್ಕೆ ಹೊರಡ್ಲಿ. ನಾಡಿದ್ದು ನಾನೇ ಲೇತಲ್ಲಿ ಹೊಸ ಗೋಪುರ ಕಡೆದು ತಂದುಕೊಡ್ತೀನಿ.’

ವನಮಾಲ ಯೋಚಿಸಿದಳು. ನಾನು ಎಷ್ಟು ಅಂಗಲಾಚಿದರೂ ಆಗದ ಕೆಲಸ ಅವನ ಒಂದು ಮಾತಿಗೆ ಆಯಿತು. ಆರತಿ ಎತ್ತಿ, ಅಕ್ಷತೆ ಹಾಕಿ, ಕೋನನ್ನು ಬಾಳೆಲೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ನನ್ನ ಕೈಗೆ ಕೊಡಲಿಲ್ಲ. ನಾನು ಅವನ ಹಿಂದೆ ಗೇಟಿನವರೆಗೆ ಹೋಗಿ, ‘ತಪ್ಪಾಯ್ತಪ್ಪ’ ಎಂದೆ. ‘ಬೆಳಗ್ಗೆ ಬೇಗ ಬನ್ನಿ ಸಾರ್’ ಎಂದಷ್ಟೇ ಹೇಳಿ ಹೋದ.

ಸಪ್ತಮಿಯ ಬೆಳಗ್ಗೆ ಬೆಂಕಿ ಬಿತ್ತು, ಉಗಿ ಏರಿತು. ಮುನಿರಾಜು ಇಂಜೆಕ್ಟರಿನ ಹಿಡಿ ತಿರುಗಿಸಿದಾಗ ಮೊದಲು ನೀರೆಲ್ಲ ಹೊರಗೆ ಚೆಲ್ಲಿತು. ಆಮೇಲೆ ಸುಯ್ ಎಂದು ಸದ್ದು ಬದಲಾಗಿ ನೀರು ಬಾಯ್ಲರಿಗೆ ನುಗ್ಗಿತು. ಇನ್ಸ್‌ಪೆಕ್ಟರು ಸಹಿ ಹಾಕಿದರು. ನಾನು ಅಲ್ಲೇ ಇದ್ದ ಮರದ ದಿಮ್ಮಿಯ ಮೇಲೆ ಕೂತುಬಿಟ್ಟೆ. ಅಂಥ ನೆಮ್ಮದಿ ನಿವೃತ್ತಿಯ ದಿನವೂ ಆಗಿರಲಿಲ್ಲ.

ಎಂಜಿನ್ನು ಈಗ ಆಗಾಗ ಮುಖ್ಯ ಮಾರ್ಗದಲ್ಲಿ ಓಡುತ್ತದೆ. ಗೋಡೆಯ ಮೇಲಿನ ನನ್ನ ಆಜ್ಞೆಯನ್ನು ಯಾರೂ ಕಿತ್ತಿಲ್ಲ, ಆದರೆ ಗೇಟಿನಲ್ಲಿ ನೋಡುವುದು ನನ್ನ ಚೀಲವೊಂದನ್ನೇ. ನೋಡುವವನು ಮುನಿರಾಜು. ನಿನ್ನೆಯೂ, ‘ಸಾರ್, ಡಬ್ಬಿ’ ಎಂದ. ಬಿಚ್ಚಿ ತೋರಿಸಿದೆ. ಒಳಗೆ ಮೊಸರನ್ನ, ಉಪ್ಪಿನಕಾಯಿ ಬಿಟ್ಟು ಬೇರೇನೂ ಇಲ್ಲವೆಂದು ಕಂಡಾಗ ಅವನಿಗಿಂತ ನನಗೇ ಹೆಚ್ಚು ನಿರಾಳವಾಯಿತು.