ಭಂಡಾರದ ಬಣ್ಣದ ತತ್ತಿ

ಕೋಳಿ ಸಾಕುವವನು ತತ್ತಿ ತಿನ್ನಲೇಬೇಕೆಂಬ ನಿಯಮವೇನಿಲ್ಲ. ನಮ್ಮ ಮನೆತನದಲ್ಲಿ ಈವರೆಗೆ ಯಾರೂ ತತ್ತಿ ತಿಂದವರಲ್ಲ, ಒಡೆದು ನೋಡಿದವರೂ ಅಲ್ಲ. ಆದರೂ ಯರಗಟ್ಟಿಯ ನಮ್ಮ ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿಗಳು ಓಡಾಡಿಕೊಂಡಿವೆ. ಕಾರಣ ಚೇಳು. ಕಲ್ಲಿನ ಸಂದಿಯಲ್ಲೆಲ್ಲ ಚೇಳು ಹೆಚ್ಚಾಗಿ, ಕೋಳಿ ಇದ್ದಲ್ಲಿ ಅವು ಉಳಿಯುವುದಿಲ್ಲವೆಂದು ಯಾರೋ ಹೇಳಿದ್ದರಿಂದ ನನ್ನ ಹೆಂಡತಿ ಗಿರಿಜಾ ಷರತ್ತಿನ ಮೇಲೆ ಒಪ್ಪಿದ್ದಳು.

“ತತ್ತಿ ಹೊಸ್ತಿಲಾ ದಾಟಿ ಒಳಗ ಬರಬಾರದು. ಓಣ್ಯಾಗ ಯಾರರ ಒಂದು ಮಾತು ಅಂದ್ರು ಅಂದ್ರ, ಕೋಳಿ ಸೀದಾ ಸವದತ್ತಿ ಸಂತಿಗೆ.”

ಹೂಂ ಎಂದೆ. ಆಮೇಲೆ ನೋಡಿದರೆ ಕೋಳಿಗಳು ನನ್ನ ಸಪ್ಪಳ ಕೇಳಿದರೆ ಸಾಕು, ಓಡಿ ಬರತೊಡಗಿದವು. ಸೀರೆ-ಅರಿವೆಯ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ ಮೇಲೆ ನಾನು ಬಂದೆನೆಂದು ಎದ್ದು ಬರುವವರು ಅವು ಮಾತ್ರ. ಸಂತೆಗೆ ಕಳಿಸುವ ಮಾತಿಗೆ ಅಲ್ಲಿಂದ ಹೆದರತೊಡಗಿದೆ.

ತತ್ತಿಯೆಲ್ಲ ಪಕ್ಕದ ಮನೆಯ ಯಲ್ಲಪ್ಪನಿಗೆ. ಅವನ ಮಗಳು ಬಾಣಂತನಕ್ಕೆ ಬಂದಿದ್ದಳು. ಒಂದು ಮುಂಜಾನೆ ಅವನು ಗೋಡೆಯಾಚೆಯಿಂದ ಕರೆದ.

“ಸಾವಕಾರ್ರ, ತತ್ತಿ ಸಿಪ್ಪಿ ಹಪ್ಪಳ ಆಗೇತ್ರಿ. ಹಿಡದ್ರ ಒಡೀತಾವು. ಕೋಳಿಗೆ ಸುಣ್ಣದ ಅಂಶ ಸಾಲವಲ್ದು. ಒಡದ ಸಿಪ್ಪಿನ ಪುಡಿ ಮಾಡಿ ಹಾಕ್ರಿ.”

ತತ್ತಿ ಒಡೆಯದ ಮನೆಯಲ್ಲಿ ಸಿಪ್ಪೆ ಎಲ್ಲಿಂದ ಬರಬೇಕು? ಕೊಟ್ಟ ತತ್ತಿಯ ಸಿಪ್ಪೆಯನ್ನು ಅವನಿಂದಲೇ ಇಸಿದುಕೊಂಡು, ಧೋತರದ ಸೆರಗಿನಲ್ಲಿ ಮುಚ್ಚಿ ತರತೊಡಗಿದೆ. ಅವನ ಬಾಗಿಲಿನಿಂದ ನನ್ನ ಬಾಗಿಲಿಗೆ ಬರುವಷ್ಟರಲ್ಲೇ ಒಬ್ಬರು “ಎಲ್ಲೀ ಪ್ರಸಾದರಿ ಸಾವಕಾರ್ರ?” ಎಂದು ಕೈಯೊಡ್ಡಿದ್ದುಂಟು. ಇರಲಿ, ತತ್ತಿ ಗಟ್ಟಿಯಾದವು.

ಗೆಲುವು ತಲೆಗೇರಿತು. ಶುಚಿಯ ವಿಷಯದಲ್ಲಿ ನಾವು ರಾಜಿಯಾಗುವವರಲ್ಲ. ತತ್ತಿಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ ಕೊಟ್ಟೆ. ಯಲ್ಲಪ್ಪ ಮೂಗು ಹಿಡಿದುಕೊಂಡು ಬಂದ.

“ತೊಳದ್ರ ಮ್ಯಾಲಿನ ಪೊರಿ ಹೋಗತೈತ್ರಿ, ಲಗೂ ಕೆಡತಾವು. ಜಳಕಾ ನೀವು ಮಾಡ್ರಿ, ಅವಕ್ಕ ಬ್ಯಾಡ.” ಹೊರಟವನು ತಿರುಗಿ ಹೇಳಿದ: “ಮತ್ತ, ಒಳಗಿಂದು ಭಾಳ ಬಿಳುಚೇತ್ರಿ. ಗುಡ್ಡದ ಭಂಡಾರ ಇದ್ದಂಗ ಇರಬೇಕಂತಾಳ ನಮ್ಮವ್ವ.”

ಭಂಡಾರವೆಂದರೆ ಗುಡ್ಡದ ದೇವಿಗೆ ಹಾರಿಸುವ ಅರಿಷಿಣ. ಜೋಳದ ನುಚ್ಚಿಗೆ ಅರಿಷಿಣ ಕಲಸಿ ಹಾಕಿದೆ. ಕೋಳಿಗಳ ಕೊಕ್ಕು, ಎದೆ ಎಲ್ಲ ಹಳದಿಯಾಗಿ, ಯಲ್ಲಮ್ಮನ ಗುಡ್ಡದಿಂದ ಆಗಷ್ಟೇ ಇಳಿದು ಬಂದಂತೆ ಕಂಡವು. ತತ್ತಿಯೊಳಗೆ ಮಾತ್ರ ಏನೂ ಬದಲಾಗಲಿಲ್ಲವಂತೆ.

ಜೀವನವಿಡೀ ಸೀರೆಯ ಬಣ್ಣ ವಿವರಿಸಿದವನು ನಾನು. ಹಳದಿ ಗಾಢವಾಗಬೇಕಾದರೆ ಅದಕ್ಕೆ ತುಸು ಕೆಂಪು ಬೀಳಬೇಕು. ಮಾಳಿಗೆಯ ಮೇಲೆ ಗಿರಿಜಾ ವರ್ಷದ ಖಾರಕ್ಕೆಂದು ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದಳು. ದಿನಕ್ಕೊಂದು ಬೊಗಸೆ ಪುಡಿ ಮಾಡಿ ಹಾಕಿದೆ. ಒಂದು ಕೋಳಿಯೂ ಹಾ ಎನ್ನಲಿಲ್ಲ.

“ಏನ್ರಿ, ಮೆಣಸಿನಕಾಯಿ ಕಡಿಮಿ ಆಗಾಕ ಹತ್ಯಾವಲ್ಲ?”

“ಅಳಿಲ ಇರಬೇಕು.”

“ಅಳಿಲ ಖಾರ ತಿಂತಾವೇನು?”

“ಈಗಿನವು ತಿಂತಾವು.”

ಒಂದು ದಿನ ಯಲ್ಲಪ್ಪನ ತಾಯಿ ಕಾಳವ್ವ ತಾಟು ಹಿಡಿದು ನಮ್ಮ ಅಂಗಳದಲ್ಲಿ ನಿಂತಳು. ಹಿಂದೆ ಅರ್ಧ ಓಣಿ.

“ಬಾಣಂತಿಗೆ ರಗತದ ತತ್ತಿ ಕೊಡತಿಯೇನೋ ಸಾವಕಾರಾ? ನೋಡಿಲ್ಲೆ!”

ನೋಡಿದೆ. ಬದುಕಿನಲ್ಲಿ ನಾನು ಕಂಡ ಮೊದಲ ಒಡೆದ ತತ್ತಿ ಅದು. ನಡುವೆ ಕೆಂಡದಂಥ ಕೆಂಪು. ಅದು ಹಾಗೆಯೇ ಇರಬೇಕೋ ಬಾರದೋ ತಿಳಿಯದೆ, ಅಂಗಡಿಯ ಚಾಳಿಯಲ್ಲಿ “ಪಕ್ಕಾ ಬಣ್ಣ” ಎಂದುಬಿಟ್ಟೆ.

ಗದ್ದಲ ಕೇಳಿ ಗಿರಿಜಾ ಬಂದಳು. ಮೂಗಿಗೆ ಸೆರಗು ಹಿಡಿದು ದೂರದಿಂದಲೇ ತಾಟಿನೊಳಗೆ ಇಣುಕಿದಳು.

“ಇದು ರಗತ ಅಲ್ಲಬೇ ಯವ್ವಾ. ಇದು ನನ್ನ ಬ್ಯಾಡಗಿ. ಈ ಬಣ್ಣ ನಾ ಎಲ್ಲಿ ಇದ್ರೂ ಗುರ್ತು ಹಿಡೀತೇನಿ.” ನನ್ನತ್ತ ತಿರುಗಿದಳು. “ಎಲ್ಲಿ ಅದಾವ್ರಿ ನಿಮ್ಮ ಅಳಿಲ?”

ಅಳಿಲುಗಳು ಆ ಹೊತ್ತಿಗೆ ನನ್ನ ಕಾಲ ಸುತ್ತ ನೆರೆದು, ಕತ್ತೆತ್ತಿ ಖಾರಕ್ಕಾಗಿ ಕಾಯುತ್ತಿದ್ದವು.

ಸವದತ್ತಿ ಸಂತೆ ಕಣ್ಣಮುಂದೆ ಬಂತು.

“ಕೋಳಿ ಇರಲಿ,” ಅಂದಳು ಗಿರಿಜಾ. “ಹಾಕಿದ್ದು ತಿಂದಾವು, ಪಾಪ. ಇನ್ನ ಮ್ಯಾಲೆ ಕಾಳು ನಾ ಹಾಕತೇನಿ. ನೀವು ಅವುಗಳ ಹಂತ್ಯಾಕ ಸುಳೀಬ್ಯಾಡ್ರಿ.”

ಈಗ ಅವಕ್ಕೆ ಹಳದಿ ಗೋವಿನಜೋಳ, ಹಸಿರು ಸೊಪ್ಪು. ತತ್ತಿ ಭಂಡಾರದಂತಿವೆಯೆಂದು ಕಾಳವ್ವ ಹೇಳಿಕಳಿಸಿದ್ದಾಳೆ. ನಮ್ಮ ತಾಟಿನ ಖಾರ ಮಾತ್ರ ಈ ವರ್ಷ ಬಿಳುಚಿಕೊಂಡಿದೆ. ಅದರ ಕೆಂಪನ್ನೆಲ್ಲ ಪಕ್ಕದ ಮನೆಯ ಬಾಣಂತಿ ಉಂಡಾಗಿದೆ.

ಕೋಳಿಗಳು ನನ್ನ ಸಪ್ಪಳಕ್ಕೆ ಈಗಲೂ ತಲೆ ಎತ್ತುತ್ತವೆ. ಕೈ ಖಾಲಿಯೆಂದು ಕಂಡ ಕೂಡಲೇ ಚೇಳು ಹುಡುಕಲು ಹೋಗುತ್ತವೆ.